ತೊಗರಿ ರಾಶಿಯೂ ಸೆಮಿಸ್ಟರ್ ಪರೀಕ್ಷೆಯೂ

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನಿಂದ ಇಂಜಿನಿಯರಿಂಗ್ ಓದಲು ಕಲಬುರಗಿಗೆ ಹೋದ ಹುಡುಗ ಹುಡುಗಿಯರಿಗೆ ಡಿಸೆಂಬರ್, ಜನವರಿ ಬಲು ಬಿಗಿಯ ತಿಂಗಳು. ಹೊಲದಲ್ಲಿ ತೊಗರಿ ಒಣಗಿ ನಿಂತಿರುತ್ತದೆ, ಆಳು ಸಿಗುವುದಿಲ್ಲ, ರಾಶಿಗೆ ಮನೆಮಂದಿಯೆಲ್ಲ ಬೇಕು. ಅತ್ತ ಕಾಲೇಜಿನಲ್ಲಿ ಕೊನೆಯ ಇಂಟರ್ನಲ್ಸ್ ಇಲ್ಲವೇ ಸೆಮಿಸ್ಟರ್ ಪರೀಕ್ಷೆ ಅದೇ ಹೊತ್ತಿಗೆ ಬಂದು ಕೂತಿರುತ್ತದೆ. ಪೇಟೆಯ ಮಕ್ಕಳಿಗೆಂದು ಬರೆದ ಯಾವ ಓದಿನ ವೇಳಾಪಟ್ಟಿಯಲ್ಲೂ ರಾಶಿಗೆ ಜಾಗವಿಲ್ಲ. ನಮ್ಮ ಮಕ್ಕಳ ಪಟ್ಟಿಯಲ್ಲಿ ಅದನ್ನೇ ಮೊದಲು ಬರೆದುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದಕ್ಕೆ ಕಾರಣ ಅಂಕದ ಲೆಕ್ಕದಲ್ಲೇ ಇದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈಚಿನ ಸ್ಕೀಮುಗಳಲ್ಲಿ ಹೆಚ್ಚಿನ ವಿಷಯಗಳಿಗೆ 100 ಅಂಕದಲ್ಲಿ 50 ಇಂಟರ್ನಲ್ಸಿನದು, 50 ಕೊನೆಯ ಪರೀಕ್ಷೆಯದು. ಅಂದರೆ ಅರ್ಧ ಫಸಲು ತೊಗರಿ ಹೂ ಬಿಡುವ ಹೊತ್ತಿಗೇ ಕೈಗೆ ಬರುವಂಥದ್ದು. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಹೊಲದ ಕೆಲಸ ತುಸು ಹಗುರ. ಆಗ ಅಸೈನ್‌ಮೆಂಟು, ಲ್ಯಾಬ್ ರೆಕಾರ್ಡು, ಮೊದಲ ಇಂಟರ್ನಲ್ಸುಗಳನ್ನು ಬಿಗಿಯಾಗಿ ಹಿಡಿದವರಿಗೆ ರಾಶಿಯ ವಾರ ಊರಿಗೆ ಹೋಗಿಬಂದರೂ ನೆಲೆ ತಪ್ಪುವುದಿಲ್ಲ. ಹಾಜರಾತಿ ಶೇಕಡಾ 85 ಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ; ಆಳಂದದಿಂದ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಓಡಾಡುವವರಿಗೆ ತಪ್ಪಿದ ಒಂದು ಬಸ್ಸು ಅಂದರೆ ತಪ್ಪಿದ ಒಂದು ಕ್ಲಾಸು.

ಇನ್ನು ಕ್ರೆಡಿಟ್. 2022ರ ಸ್ಕೀಮಿನಲ್ಲಿ ನಾಲ್ಕು ವರ್ಷಕ್ಕೆ 160. ವಾರಕ್ಕೆ ಒಂದು ಗಂಟೆ ಪಾಠವಿದ್ದರೆ ಒಂದು ಕ್ರೆಡಿಟ್, ಲ್ಯಾಬಾದರೆ ಎರಡು ಗಂಟೆಗೆ ಒಂದು. ಈ ಲೆಕ್ಕ ಎಲ್ಲರಿಗೂ ಬೇಗ ಬಾಯಿಗೆ ಬರುತ್ತದೆ. ಬಾಯಿಗೆ ಬಾರದಿರುವುದು, ಯಾರೂ ಕೂರಿಸಿ ಹೇಳದಿರುವುದು, ಯಾವ ವಿಷಯ ಯಾವುದರ ಮೇಲೆ ನಿಂತಿದೆ ಎಂಬುದು. ಸಿವಿಲ್ ಓದುವವರಿಗೆ ಮೊದಲ ವರ್ಷದ ಮೆಕ್ಯಾನಿಕ್ಸ್ ಬಾರದಿದ್ದರೆ ಎರಡನೇ ವರ್ಷದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕೈಗೆ ಹತ್ತುವುದಿಲ್ಲ. ಅದು ಹತ್ತದಿದ್ದರೆ ಸ್ಟ್ರಕ್ಚರಲ್ ಅನಾಲಿಸಿಸ್, ಅದೂ ಹೋದರೆ ಆರ್‌ಸಿಸಿ ಡಿಸೈನ್. ಕಂಪ್ಯೂಟರ್ ಸೈನ್ಸಿನಲ್ಲಿ ಸಿ ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಮ್ಸ್ ಹೀಗೇ ಒಂದರ ಬೆನ್ನಿಗೆ ಒಂದು. ಎಲೆಕ್ಟ್ರಾನಿಕ್ಸಿನವರು ಗಣಿತದ ಲ್ಯಾಪ್ಲಾಸನ್ನು ಬಿಟ್ಟುಕೊಟ್ಟರೆ ಕಂಟ್ರೋಲ್ ಸಿಸ್ಟಮ್ಸಿನಲ್ಲಿ ಕಣ್ಣು ಕಟ್ಟಿದಂತಾಗುತ್ತದೆ.

ಪರೀಕ್ಷೆಯ ಪತ್ರಿಕೆಯೇ ಮಕ್ಕಳನ್ನು ಇಲ್ಲಿ ದಾರಿ ತಪ್ಪಿಸುತ್ತದೆ. ಐದು ಮಾಡ್ಯೂಲು, ಒಂದೊಂದರಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ ಬರೆದರೆ ಸಾಕು. ಮೂರು ಮಾಡ್ಯೂಲು ಓದಿ ಪಾಸಾಗುವ ದಾರಿ ಸೀನಿಯರುಗಳು ಹೇಳಿಕೊಡುತ್ತಾರೆ. ಪಾಸೂ ಆಗಬಹುದು. ಆದರೆ ಬಿಟ್ಟ ಎರಡು ಮಾಡ್ಯೂಲು ಮುಂದಿನ ವರ್ಷದ ಬುನಾದಿಯಾಗಿದ್ದರೆ, ಆ ವರ್ಷ ಬ್ಯಾಕ್ ಉಳಿಯುತ್ತದೆ. ಬಿಡಲೇಬೇಕಾದರೆ ಯಾವುದನ್ನು ಬಿಡಬಾರದು ಎಂದು ಮೊದಲು ತಿಳಿದುಕೊಂಡು ಬಿಡಲಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ನಾನು ಒಂದು ಮಾತು ಒತ್ತಿ ಹೇಳುವೆ. ನಿಮಗೆ ಕಷ್ಟವಾಗುತ್ತಿರುವುದು ಬಹುಮಟ್ಟಿಗೆ ಇಂಗ್ಲಿಷ್, ಬುದ್ಧಿಯಲ್ಲ. ಕೊರಳ್ಳಿಯ ಅಮರ್ಜಾ ಡ್ಯಾಮನ್ನು ಕಂಡವರಿಗೆ ನೀರು ಆಳವಾದಷ್ಟೂ ಗೋಡೆಯ ಮೇಲೆ ಒತ್ತಡ ಏಕೆ ಹೆಚ್ಚುತ್ತದೆ, ಗೋಡೆ ಬುಡದಲ್ಲಿ ಏಕೆ ದಪ್ಪ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮೊದಲ ಎರಡು ತಿಂಗಳು ಪ್ರತಿ ವಿಷಯದ ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ಅರ್ಥ ಬರೆದು ಒಂದು ನೋಟ್‌ಬುಕ್ ಮಾಡಿಕೊಳ್ಳಿ. ಆ ಹೊತ್ತನ್ನೂ ವೇಳಾಪಟ್ಟಿಯಲ್ಲಿ ಸೇರಿಸಿ, ಅದು ಓದೇ.

ಈ ಭಾಗಕ್ಕೆ ಇಂಜಿನಿಯರಿಂಗ್ ಹೊಸದೇನಲ್ಲ. ಕಲಬುರಗಿಯ ಪಿಡಿಎ ಕಾಲೇಜು ಶುರುವಾದದ್ದು 1958ರಲ್ಲಿ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಮಕ್ಕಳಿಗೆ ಮೀಸಲು ಸೀಟಿನ ಹಕ್ಕೂ ಬಂತು. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಸೀಟಿನ ಜೊತೆ ಬೇಕಾದ ತಿಳಿವಳಿಕೆ ಮಾತ್ರ ಎಷ್ಟೋ ಸಲ ಸಿಗುವುದಿಲ್ಲ, ಅದು ನನಗೆ ನೋವಿನ ಸಂಗತಿ. ನಾಲ್ಕನೇ ವರ್ಷದ ಹುಡುಗ ರಜೆಗೆ ಊರಿಗೆ ಬಂದಾಗ ಹೊಸದಾಗಿ ಸೇರುವ ತಮ್ಮ ತಂಗಿಯರನ್ನು ಗುಡಿಕಟ್ಟೆಯ ಮೇಲೆ ಕೂರಿಸಿಕೊಂಡು ಒಂದು ತಾಸು ಮಾತಾಡಿದರೂ ದೊಡ್ಡ ಕೆಲಸವಾಗುತ್ತದೆ. ಎಂಟೂ ಸೆಮಿಸ್ಟರಿನ ಪಠ್ಯಕ್ರಮ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಮುಂದಿಟ್ಟುಕೊಂಡು, ಯಾವ ಮಾಡ್ಯೂಲು ಮುಂದೆ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಗುರುತು ಹಾಕಿಸಿಕೊಳ್ಳಿ. ಮನೆಯಲ್ಲೂ ಮುಚ್ಚುಮರೆ ಬೇಡ: "ಅಪ್ಪಾ, ಈ ವಾರ ನಂದು ಪರೀಕ್ಷೆ ಅದ, ರಾಶಿಗಿ ಅದರ ಹಿಂದಿನ ವಾರ ಬರ್ತೀನಿ" ಎಂದು ದಸರೆಗೆ ಊರಿಗೆ ಬಂದಾಗಲೇ ಹೇಳಿಬಿಡಿ. ಮಗ ಮಗಳ ಪರೀಕ್ಷೆಯ ತಾರೀಖು ಗೊತ್ತಿದ್ದರೆ, ಆಳು ಗೊತ್ತುಮಾಡುವ ದಿನವನ್ನು ಅಪ್ಪ ತಾನೇ ಹಿಂದೆ ಮುಂದೆ ಮಾಡಿಕೊಳ್ಳುತ್ತಾನೆ.