ಹಳೆಯ ಬಟ್ಟೆಯ ಋಣ

ದೋಹಾದಲ್ಲಿ ಹೊರಗೆ 45 ಡಿಗ್ರಿ ಬಿಸಿಲಿದ್ದರೂ ಮನೆಯೊಳಗೆ ಏಸಿಯ ಚಳಿಗೆ ಹೊದಿಕೆ ಬೇಕು. ಕೆಲಸ ಮುಗಿದು ಊರಿಗೆ ಹೊರಟವರು ವಿಮಾನದ ತೂಕದ ಮಿತಿಗೆ ಅಂಜಿ ಬಿಟ್ಟುಹೋಗುವ ಸೀರೆ, ಚಾದರಗಳು ಇಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವನ್ನು ಕೊಂಡು ಕೌದಿ ಹೊಲಿದರೆ ಅದು ಮಿತವ್ಯಯವೇ?

ಉತ್ತರ ಕರ್ನಾಟಕದ ಅಜ್ಜಿಯರು ಕೌದಿಗೆಂದು ಬಟ್ಟೆ ಹುಡುಕಿಕೊಂಡು ಹೋದವರಲ್ಲ. ಮನೆಯಲ್ಲಿ ಹರಿದದ್ದನ್ನೇ ಹೊಲಿದರು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರೂ ಹಳೆಯ ಬಟ್ಟೆಯಿಂದಲೇ ಹೊಲಿಯುತ್ತಾರೆ. ಅವರ ಹೊದಿಕೆಯ ಮೂಲೆಗಳಿಗೆ ‘ಫೂಲ’ ಎಂಬ ಮಡಿಸಿದ ತುಂಡು ಬೇಕೇ ಬೇಕು. ಇಲ್ಲದಿದ್ದರೆ ಅದು ಬೆತ್ತಲೆ ಎನ್ನುತ್ತಾರೆ. ಕೊರತೆಯಲ್ಲೂ ಅಂದಕ್ಕೊಂದು ತುಂಡು ಮೀಸಲು. ಹಾಗಾದರೆ ಮಿತವ್ಯಯವೆಂದರೆ ಕಡಿಮೆ ಬೆಲೆಯಲ್ಲ, ಕೈಯಲ್ಲಿರುವುದರ ಮೇಲಿನ ಗೌರವ.

ಹಳೆಯದೆಂಬ ಮೋಹಕ್ಕೆ ಕೊಂಡು ಕಪಾಟು ತುಂಬಿಸುವುದೂ ಕೊಳ್ಳುವ ಚಟವೇ, ವೇಷ ಮಾತ್ರ ಬೇರೆ. ಹಾಗೆಂದು ಪರರ ಬಟ್ಟೆ ಮುಟ್ಟಬಾರದೆಂದಲ್ಲ. ಯಾರೋ ಉಟ್ಟು, ಒಗೆದು ಮೆತ್ತಗಾದ ಸೀರೆ ಕಸಕ್ಕೆ ಬೀಳುವುದಕ್ಕಿಂತ ಒಂದು ಮಗುವಿನ ಹೊದಿಕೆಯಾಗುವುದು ಲೇಸು. ಮೊದಲು ನಮ್ಮ ಮನೆಯ ಹಳತು, ಸಾಲದಿದ್ದರೆ ಕೊಂಡದ್ದು. ಕೊಂಡದ್ದು ಸೂಜಿಗೆ ಬರಲೇಬೇಕು. ಉಟ್ಟವರ ಹೆಸರು ನಮಗೆ ತಿಳಿಯದು. ಹೊಲಿಗೆಯೊಂದೇ ನಾವು ಅವರಿಗೆ ತೀರಿಸಬಹುದಾದ ಋಣ.