ಅಡಿಕೆಗೊಂದು ಬೇಲಿ, ಆಕಾಶಕ್ಕೊಂದು ಬೇಲಿ

ಪುತ್ತೂರು, ಸುಳ್ಯ, ಕಡಬದ ಕಡೆ ಎರಡು ಮಾತು ವರ್ಷವಿಡೀ ಕಿವಿಗೆ ಬೀಳುತ್ತಿರುತ್ತವೆ. ಬರ್ಮಾ, ಇಂಡೋನೇಷ್ಯಾದಿಂದ ಬರುವ ಅಡಿಕೆಯನ್ನು ಸರಕಾರ ತಡೆಯಬೇಕು ಎಂಬುದು ಒಂದು. ಮಂಗಳೂರಿಗೆ ಎಮಿರೇಟ್ಸ್‌ನಂಥ ಹೊರಗಿನ ವಿಮಾನಗಳನ್ನು ಬಿಡಬೇಕು, ಆಗಲಾದರೂ ದುಬೈ ಟಿಕೆಟ್ಟಿನ ದರ ಇಳಿದೀತು ಎಂಬುದು ಇನ್ನೊಂದು. ಎಷ್ಟೋ ಸಲ ಎರಡೂ ಒಬ್ಬರದೇ ಬಾಯಿಂದ, ಒಂದೇ ಜಗಲಿಯಲ್ಲಿ, ಒಂದು ಸಲ ಎಲೆಯಡಿಕೆ ಹಾಕಿ ಮುಗಿಸುವಷ್ಟರಲ್ಲಿ ಬರುತ್ತವೆ. ಒಂದು ಮಾತು ಬೇಲಿ ಹಾಕಿ ಎನ್ನುತ್ತದೆ, ಇನ್ನೊಂದು ಬೇಲಿ ಕೀಳಿ ಎನ್ನುತ್ತದೆ. ಇದು ಬರೇ ಸ್ವಾರ್ಥ ಎಂದು ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಇದರೊಳಗೆ ಒಂದು ನಿಜವಾದ ಪ್ರಶ್ನೆಯಿದೆ. ‘ನಮ್ಮದು’ ಎಂಬ ಕಾರಣಕ್ಕೆ ಒಂದು ಬೆಳೆಯನ್ನೋ ಒಂದು ವಿಮಾನ ಕಂಪನಿಯನ್ನೋ ಕಾಪಾಡುವುದು ಯಾವಾಗ ನ್ಯಾಯ, ಯಾವಾಗ ಅನ್ಯಾಯ?

ಅಡಿಕೆಯ ಬೇಲಿ ನಮಗೆ ಚೆನ್ನಾಗಿ ಗೊತ್ತಿರುವಂಥದ್ದು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ಒಳಗೆ ಬರುವಂತಿಲ್ಲ. ಕಳ್ಳದಾರಿಯ ಮಾತು ಬೇರೆ.

ಆಕಾಶದ ಬೇಲಿ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. 1944ರ ಶಿಕಾಗೊ ಒಪ್ಪಂದದ ಪ್ರಕಾರ ಪ್ರತಿಯೊಂದು ದೇಶಕ್ಕೂ ತನ್ನ ನೆತ್ತಿಯ ಮೇಲಿನ ಆಕಾಶದ ಪೂರ್ಣ ಅಧಿಕಾರವಿದೆ. ಹಾಗಾಗಿ ದುಬೈಯ ವಿಮಾನ ಭಾರತಕ್ಕೆ ಬರಬೇಕಾದರೆ ಎರಡೂ ಕಡೆಯವರು ಕೂತು ಮಾತಾಡಿ ಒಪ್ಪಂದ ಬರೆಯಬೇಕು. ಯಾವ ಯಾವ ಊರಿಗೆ, ವಾರಕ್ಕೆ ಎಷ್ಟು ಸೀಟು ಎಂಬುದೆಲ್ಲ ಅದರಲ್ಲಿ ಇರುತ್ತದೆ. 2014ರ ಮಾತುಕತೆಯ ನಂತರ ಭಾರತ ಮತ್ತು ದುಬೈ ನಡುವೆ ಪ್ರತಿ ಕಡೆಗೆ ವಾರಕ್ಕೆ 65,000ದ ಆಸುಪಾಸು ಸೀಟುಗಳಿವೆ. ದುಬೈ ಇನ್ನಷ್ಟು ಕೇಳುತ್ತಲೇ ಬಂದಿದೆ, ದೆಹಲಿ ಒಪ್ಪಿಲ್ಲ. ಮಂಗಳೂರಂತೂ ಹೊರಗಿನವರು ಇಳಿಯಬಹುದಾದ ಊರುಗಳ ಪಟ್ಟಿಯಲ್ಲೇ ಇಲ್ಲ. ಬಜಪೆಯಲ್ಲಿ ಗಲ್ಫ್‌ಗೆ ಏರುವವನು ಭಾರತದ ಕಂಪನಿಯ ವಿಮಾನವನ್ನೇ ಏರಬೇಕು. ಹಬ್ಬಕ್ಕೆ, ಶಾಲೆಯ ರಜೆಗೆ ದರ ಎಷ್ಟೇ ಏರಿದರೂ ಅದೇ ಗತಿ. ಇಲ್ಲವಾದರೆ ಕೊಚ್ಚಿಯೋ ಬೆಂಗಳೂರೋ.

ಈ ಬೇಲಿಯ ಒಳಗೆ ನೆಟ್ಟ ಸಸಿಯೇ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಗಲ್ಫಿನಲ್ಲಿ ದುಡಿಯುವವರಿಗೆ ಕಡಿಮೆ ದರದ ವಿಮಾನ ಬೇಕು ಎಂಬ ಕೂಗು, ಹೆಚ್ಚಾಗಿ ಕೇರಳದ್ದು, ದೊಡ್ಡದಾದ ಮೇಲೆ 2005ರ ಏಪ್ರಿಲ್ 29ರಂದು ಸರಕಾರದ ಕಂಪನಿ ಈ ಹೊಸ ವಿಮಾನಸೇವೆ ಶುರು ಮಾಡಿತು. ಮರುವರ್ಷ ಅದು ಮಂಗಳೂರಿಂದ ದುಬೈಗೆ ಹಾರತೊಡಗಿತು. ಅದಕ್ಕೆ ಮೊದಲು ನಮ್ಮ ಕಡೆಯವರು ಮುಂಬೈ ಬಸ್ಸಿನಲ್ಲಿ ರಾತ್ರಿ ಕಳೆದು, ಪರಿಚಯದವರ ಕೋಣೆಯಲ್ಲಿ ಮಲಗಿ ಸಹಾರ ವಿಮಾನ ನಿಲ್ದಾಣಕ್ಕೆ ಹೋಗಬೇಕಿತ್ತು. ಆ ಲೆಕ್ಕದಲ್ಲಿ ಇದು ಸಣ್ಣ ಉಪಕಾರವಲ್ಲ. ಆಗಲೇ ಎಮಿರೇಟ್ಸ್‌ಗೆ ಇಪ್ಪತ್ತು ವರ್ಷ ತುಂಬುತ್ತಿತ್ತು. ಅಂಥ ಬಲಿತವರ ಎದುರು ಹೊಸಬನನ್ನು ಇಳಿಸುವಾಗ ಸ್ವಲ್ಪ ಕಾಪು ಬೇಕು ಎಂಬ ವಾದವೂ ಸುಳ್ಳಲ್ಲ. ಅಡಿಕೆ ಸಸಿಗೂ ಮೊದಲು ನೆರಳು ಕಟ್ಟಬೇಕು.

ಸ್ವಂತ ವಿಮಾನ ಬೇಕು ಎಂಬ ಆಸೆ ಎಲ್ಲ ದೇಶಗಳಿಗೂ ಇದೆ. 1948ರ ಜೂನ್‌ನಲ್ಲಿ ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ಮುಂಬೈಯಿಂದ ಲಂಡನ್ನಿಗೆ ಹೊರಟಾಗ ಸ್ವತಂತ್ರ ಭಾರತಕ್ಕೆ ವರ್ಷವೂ ತುಂಬಿರಲಿಲ್ಲ. ಗಲ್ಫ್ ಏರ್ ತನ್ನ ಊರಿಗೆ ವಿಮಾನ ಕಡಿಮೆ ಮಾಡಿದಾಗ ದುಬೈ 1985ರಲ್ಲಿ ಪಾಕಿಸ್ತಾನದಿಂದ ವಿಮಾನ ಬಾಡಿಗೆಗೆ ತಂದು ಎಮಿರೇಟ್ಸ್ ಕಟ್ಟಿತು. ಈಗ ಅದೇ ಎಮಿರೇಟ್ಸ್ ಎದುರಿಗೆ ಸೌದಿ ಅರೇಬಿಯಾ 2023ರಲ್ಲಿ ರಿಯಾದ್ ಏರ್ ಘೋಷಿಸಿತು. ಅದೇ ಸೌದಿ 2011ರಲ್ಲಿ ತಂದ ‘ನಿತಾಖತ್’ ತನ್ನವರಿಗೆ ಕೆಲಸ ಕಾದಿಡುವ ಬೇಲಿ. ಅದರಿಂದ ಕೆಲಸ ಕಳಕೊಂಡು ಊರಿಗೆ ಮರಳಿದವರು ನಮ್ಮ ಕಡೆಯೂ ಇದ್ದಾರೆ. ಅವರಿಗೆ ಅದು ಅನ್ಯಾಯ, ಸೌದಿಯ ನಿರುದ್ಯೋಗಿ ಹುಡುಗನಿಗೆ ನ್ಯಾಯ. ಬೇಲಿಯ ಯಾವ ಬದಿಯಲ್ಲಿ ನಿಂತಿದ್ದೇವೆ ಎಂಬುದರ ಮೇಲೆಯೇ ಎಲ್ಲ ತೀರ್ಮಾನವಾದರೆ ಇಲ್ಲಿ ನ್ಯಾಯ ಎಂಬ ಪದಕ್ಕೆ ಕೆಲಸವೇ ಉಳಿಯುವುದಿಲ್ಲ.

ಭಾರತದ ಬೇಲಿಯ ಪರವಾಗಿ ಇರುವ ಗಟ್ಟಿ ವಾದ ಇದು. ಎಮಿರೇಟ್ಸ್ ನಮ್ಮ ಜನರನ್ನು ದುಬೈಗೆ ಮಾತ್ರ ಒಯ್ಯುವುದಿಲ್ಲ. ಅಲ್ಲಿ ವಿಮಾನ ಬದಲಿಸಿ ಲಂಡನ್ನಿಗೆ, ನ್ಯೂಯಾರ್ಕಿಗೆ ಒಯ್ಯುತ್ತದೆ. ಬಾಗಿಲು ಪೂರ್ತಿ ತೆರೆದರೆ ಭಾರತದಿಂದ ದೂರದೇಶಕ್ಕೆ ನೇರ ಹಾರುವ ಕಂಪನಿ ಎಂದೂ ಬೆಳೆಯದು. ಒಪ್ಪಬಹುದಾದ ಮಾತು. ಏರ್ ಇಂಡಿಯಾ 2021ರ ಜನವರಿಯಲ್ಲಿ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಶುರು ಮಾಡಿದಾಗ ಆದ ಹೆಮ್ಮೆಯೂ ಸಹಜವೇ. ಆದರೆ ಸುಳ್ಯದಿಂದ ಹೊರಟ ಡ್ರೈವರನ ಪ್ರಯಾಣ ದುಬೈಯಲ್ಲೇ ಮುಗಿಯುತ್ತದೆ. ಅವನಿಗೆ ಅಲ್ಲಿ ಬೇರೆ ವಿಮಾನ ಹತ್ತಲಿಕ್ಕಿಲ್ಲ, ಕಂಪನಿಯ ವ್ಯಾನು ಹತ್ತಲಿಕ್ಕಿದೆ. ಯಾರೋ ಎಂಜಿನಿಯರು ನೇರವಾಗಿ ಅಮೆರಿಕಕ್ಕೆ ಹಾರಲಿ ಎಂದು ಕಟ್ಟಿದ ಬೇಲಿಗೆ ಗೂಟದ ಖರ್ಚು ಕೊಡುವವನು ಇವನು. ದೇಶದ ಹಿತ ಎಂಬ ಮಾತು ಬಂದಾಗಲೆಲ್ಲ ಆ ಹಿತದ ಬಿಲ್ಲು ಯಾರ ಮನೆಗೆ ಹೋಗುತ್ತದೆ ಎಂದು ನೋಡುವುದು ಒಳ್ಳೆಯದು.

ಅಡಿಕೆಗೂ ಹಾಗೇ ಕೇಳಬಹುದಲ್ಲ ಎಂದರೆ, ಕೇಳಬೇಕು. ಅದಕ್ಕೆ ಮೊದಲು ಕೊಕ್ಕೊದ ಕಥೆ ನೆನಪಿಸಿಕೊಳ್ಳುತ್ತೇನೆ. ‘ನಮ್ಮದು’ ಎಂಬುದರ ಅರ್ಥ ನಮ್ಮ ಊರಲ್ಲಿ ಪರೀಕ್ಷೆಗೆ ಬಂದದ್ದು ಅಲ್ಲಿ. ಎಪ್ಪತ್ತರ ದಶಕದಲ್ಲಿ ಕ್ಯಾಡ್ಬರಿಯ ಉತ್ತೇಜನದಿಂದ ನಮ್ಮ ಅಡಿಕೆ ತೋಟಗಳ ನಡುವೆ ಕೊಕ್ಕೊ ಬಂತು. ಎಂಬತ್ತರ ಸುಮಾರಿಗೆ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು, ಕಾಯಿ ಮರದಲ್ಲೇ ಕೊಳೆಯಿತು. ಅಡಿಕೆಗಾಗಿ 1973ರಲ್ಲಿ ಹುಟ್ಟಿದ್ದ ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಜಗತ್ತಿನ ದೊಡ್ಡ ಚಾಕೊಲೇಟ್ ಕಂಪನಿಗಳ ಎದುರು ಪುತ್ತೂರು ನಿಂತದ್ದು ಹುಚ್ಚುತನ ಎಂದು ಆಗ ಅನಿಸಿದವರಿದ್ದರೆ ಆಶ್ಚರ್ಯವಿಲ್ಲ. ಸದಸ್ಯರು ಬೆಳೆಗಾರರೇ ಎಂಬುದರಿಂದ ಕ್ಯಾಂಪ್ಕೊ ನಮ್ಮದು ಎಂದು ಹೇಳುವುದು ವಾಡಿಕೆ. ನನಗನಿಸುವಂತೆ ಕಾಗದದ ಒಡೆತನ ಅರ್ಧ ಮಾತ್ರ. ಲಾಭವಿಲ್ಲದ ದಿನ ತಕ್ಕಡಿ ಎತ್ತಿಕೊಂಡು ಹೋಗದೆ ನಿಂತಿತಲ್ಲ, ಅದು ಇನ್ನರ್ಧ.

ಇದೇ ಅಳತೆಯನ್ನು ವಿಮಾನಕ್ಕೆ ಇಟ್ಟು ನೋಡಿದರೆ ಲೆಕ್ಕ ಒಂದೇ ಕಡೆಗೆ ವಾಲುವುದಿಲ್ಲ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ಭಾರತೀಯರು ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದರು. ಅಲ್ಲಿಂದ ಏರ್ ಇಂಡಿಯಾ 59 ದಿನಗಳಲ್ಲಿ 488 ಸಲ ಹಾರಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಎಮಿರೇಟ್ಸ್ ಎಷ್ಟೇ ಅಗ್ಗವಿರಲಿ, ಅಂಥ ದಿನ ಅದು ನಮ್ಮನ್ನು ಹುಡುಕಿಕೊಂಡು ಬರಬೇಕಾಗಿಲ್ಲ. ದೇಶಕ್ಕೊಂದು ವಿಮಾನ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಎಂಟು ಮಂದಿ ಉಳಿದರು. ನಂತರದ ಪರಿಹಾರದ ಪ್ರಶ್ನೆ ಕೋರ್ಟಿಗೆ ಹೋಯಿತು. 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ, ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪ್ರತಿ ಸಾವಿಗೆ ಕನಿಷ್ಠ 75 ಲಕ್ಷ ರೂಪಾಯಿ ಕೊಡಬೇಕು ಎಂದಿತು. ಕಂಪನಿ ಮೇಲ್ಮನವಿ ಹೋಯಿತು. ವಿಭಾಗೀಯ ಪೀಠ ಆ ‘ಕನಿಷ್ಠ’ವನ್ನು ಒಪ್ಪಲಿಲ್ಲ. ನಷ್ಟವನ್ನು ಸಾಬೀತು ಮಾಡಿ ಅಷ್ಟನ್ನೇ ಪಡೆಯಬೇಕು. 2020ರಲ್ಲಿ, ದುರಂತಕ್ಕೆ ಹತ್ತು ವರ್ಷ ತುಂಬುವ ಹೊತ್ತಿಗೆ, ದೊಡ್ಡ ಸಂಬಳದವರೊಬ್ಬರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 7.64 ಕೋಟಿ ರೂಪಾಯಿ ನಿಗದಿ ಮಾಡಿತು. ಸಂಬಳ ಹಿಡಿದು ಸಾವಿನ ಬೆಲೆ ಕಟ್ಟುವ ಲೆಕ್ಕ ಕಾನೂನಿನದ್ದು, ಅದನ್ನು ಇಲ್ಲಿ ಬಿಡುತ್ತೇನೆ. ಕಂಪನಿಯ ವಕೀಲರು ತಮ್ಮ ಕೆಲಸ ಮಾಡಿದರು, ಯಾವ ಖಾಸಗಿ ಕಂಪನಿಯಾದರೂ ಹಾಗೆಯೇ ಮಾಡುತ್ತಿತ್ತು. ನನ್ನ ತಕರಾರು ಅಲ್ಲೇ ಇರುವುದು. ಬೇರೆಯವರಂತೆಯೇ ವ್ಯಾಪಾರ ಮಾಡುವುದಾದರೆ ಬೇರೆಯವರಿಗೆ ಇಲ್ಲದ ಬೇಲಿ ಇವರಿಗೆ ಏಕೆ? ಆ ವಿಮಾನದಲ್ಲಿದ್ದವರಿಗೆ ಮಂಗಳೂರಿಗೆ ಬರುವ ವಿದೇಶಿ ವಿಮಾನವನ್ನು ಆಯುವ ಅವಕಾಶವನ್ನು ದೇಶದ ಹೆಸರಿನಲ್ಲಿ ಇಲ್ಲವಾಗಿಸಲಾಗಿತ್ತು. ಆ ಹೆಸರು ಮೇಲ್ಮನವಿಯ ಕಾಗದ ಬರೆಯುವಾಗ ಯಾರಿಗೂ ನೆನಪಾಗಲಿಲ್ಲ.

ಕನ್ನಡದಲ್ಲಿ ‘ಹಂಗು’ ಎಂಬ ಪದವಿದೆ. ಅದು ಸಾಲವಲ್ಲ, ಕೃತಜ್ಞತೆಯೂ ಅಲ್ಲ. ಒಬ್ಬರಿಂದ ಪಡೆದದ್ದು ನಮ್ಮನ್ನು ಅವರ ಎದುರು ಸ್ವಲ್ಪ ಬಗ್ಗಿಸುತ್ತದೆ, ಆ ಬಾಗು ಹಂಗು. ನಮ್ಮಲ್ಲಿ ಹಂಗು ಹರಿದುಕೊಳ್ಳುವುದನ್ನೇ ದೊಡ್ಡದು ಎನ್ನುತ್ತೇವೆ. ಆದರೆ ಬೇಲಿಯೊಳಗೆ ಕೂತವನಿಗೆ ಹರಿದುಕೊಳ್ಳುವ ಹಕ್ಕಿಲ್ಲ. ಯಾರ ಆಯ್ಕೆಯನ್ನು ಕಿತ್ತು ತನಗೆ ನೆರಳು ಕಟ್ಟಿದ್ದಾರೋ ಅವರ ಹಂಗಿನಲ್ಲಿ ಅವನಿದ್ದಾನೆ. ಸಾಲವಾದರೆ ಮುಟ್ಟಿಸಿ ಚೀಟಿ ಹರಿಯಬಹುದು. ಹಂಗು ಹಾಗಲ್ಲ, ಬೇಲಿ ಇರುವಷ್ಟು ದಿನವೂ ಇರುತ್ತದೆ. 2022ರ ಜನವರಿಯಲ್ಲಿ ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎರಡೂ ಟಾಟಾ ಸಮೂಹದ ಕೈಗೆ ಹೋದವು. ಮಾರಾಟದ ಪತ್ರದಲ್ಲಿ 18,000 ಕೋಟಿಯ ಲೆಕ್ಕವಿತ್ತು. ಬೇಲಿ ಇದ್ದಲ್ಲೇ ಇದೆ, ಮಂಗಳೂರು ಈಗಲೂ ಪಟ್ಟಿಯ ಹೊರಗೆ. ಒಡೆಯ ಬದಲಾಗಿ ಬೇಲಿ ಉಳಿದಾಗ ಹಂಗೂ ಹೊಸ ಒಡೆಯನಿಗೆ ದಾಟಬೇಕಿತ್ತು. ಅದರ ಮಾತು ಎಲ್ಲೂ ಬರಲಿಲ್ಲ.

ಬರದಿರುವುದಕ್ಕೆ ಕಾರಣವಿದೆ. ಅಡಿಕೆ ಬೆಳೆಗಾರನಿಗೆ ಸಂಘವಿದೆ, ಸಂಸದರಿಗೆ ಮನವಿ ಕೊಡುವ ಅಭ್ಯಾಸವಿದೆ, ಮತವಿದೆ. ಗಲ್ಫಿನಲ್ಲಿರುವವನೂ ಮತದಾರನಾಗಬಹುದು ಎಂದು ಕಾನೂನು ಹೇಳುತ್ತದೆ, ಆದರೆ ಮತ ಹಾಕಲು ಅವನು ಖುದ್ದು ಊರಿನ ಮತಗಟ್ಟೆಗೆ ಬರಬೇಕು. ಬರಬೇಕಾದರೆ ಅದೇ ಟಿಕೆಟ್ಟು ಕೊಳ್ಳಬೇಕು. ಮೊದಲಿಗೆ ಎರಡೂ ಮಾತು ಒಂದೇ ಜಗಲಿಯಲ್ಲಿ ಕೇಳುತ್ತವೆ ಎಂದೆ. ತೋಟವಿದ್ದೂ ಮಗನನ್ನು ಅಬುಧಾಬಿಗೆ ಕಳಿಸಿದ ಮನೆಗಳಲ್ಲಿ ಅದು ನಿಜ. ಆದರೆ ಗಲ್ಫ್‌ಗೆ ಹೋದ ಎಷ್ಟೋ ಮಂದಿ ತೋಟವಿಲ್ಲದವರು, ಬ್ಯಾರಿಗಳು, ಐದು ಸೆಂಟ್ಸಿನ ಜಾಗದವರು. ಒಂದು ಬೇಲಿ ದೇಶದ ಹಿತವಾಗುವುದು, ಇನ್ನೊಂದು ಬೇಲಿಯ ನೋವು ಬರೇ ಗೊಣಗಾಟವಾಗುವುದು ಹೀಗೆ.

ಅಡಿಕೆಯ ಕಡೆಗೆ ಬಂದರೆ ನಮಗೂ ಸುಲಭವಿಲ್ಲ. ನಮ್ಮ 351 ರೂಪಾಯಿಯ ಬೇಲಿಗೆ ದುಡ್ಡು ಕೊಡುವವನು ಎಲ್ಲೋ ಉತ್ತರದ ಊರಿನಲ್ಲಿ ಅಡಿಕೆ ಜಗಿಯುವ ಕೂಲಿಯವನು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ಕಳೆಯಿತು. ಜಗಲಿಯಲ್ಲಿ ಆ ಮಾತೆತ್ತಿದರೆ ಚಾ ಕುಡಿದು ಬೇಗ ಹೊರಡಬೇಕಾಗುತ್ತದೆ. ಮರ ಹತ್ತಿ ಮದ್ದು ಬಿಡುವವರು, ಕೊನೆ ಇಳಿಸುವವರು, ಕೂತು ಸುಲಿಯುವ ಹೆಂಗಸರು, ಇವರೆಲ್ಲರೂ ಆ ಬೇಲಿಯ ಒಳಗೇ ಇದ್ದಾರೆ. ದರ ಏರಿದ ವರ್ಷ ಅವರ ಕೂಲಿಯೂ ತಾನಾಗಿ ಏರಿತೇ ಎಂಬುದು ಪ್ರತಿ ತೋಟದವರೂ ತಮ್ಮ ಅಂಗಳದಲ್ಲೇ ಉತ್ತರಿಸಬಹುದಾದ ಪ್ರಶ್ನೆ. ಬೇಲಿ ಬೇಡ ಎಂದು ನಾನು ಹೇಳುತ್ತಿಲ್ಲ. ಎಲೆಚುಕ್ಕಿ, ಹಳದಿ ರೋಗ ಕಂಡ ಸುಳ್ಯದ ತೋಟಗಳನ್ನು ನೋಡಿದವರು ಹಾಗೆ ಹೇಳಲಾರರು. ವಿಮಾನ ಕಂಪನಿಯನ್ನು ಕೇಳುವ ಬಾಯಿಗೆ ಈ ಪ್ರಶ್ನೆಯನ್ನೂ ಕೇಳುವ ಹೊಣೆ ಇದೆ, ಅಷ್ಟೆ.

ವಿಮಾನವನ್ನು ಏನು ಕೇಳಬಹುದು ಎಂಬುದಕ್ಕೆ ಒಂದು ಉದಾಹರಣೆ ಇದೆ. ಗಲ್ಫಿನಲ್ಲಿ ತೀರಿಕೊಂಡವರ ಶವವನ್ನು ಊರಿಗೆ ತರಲು ಏರ್ ಇಂಡಿಯಾ ಬಹಳ ಕಾಲ ತೂಕದ ಮೇಲೆ ದರ ಹಾಕುತ್ತಿತ್ತು. ಪೆಟ್ಟಿಗೆಯನ್ನು ತಕ್ಕಡಿಗಿಟ್ಟು ಕಿಲೋಗೆ ಇಷ್ಟು ಎಂದು, ಮಂಡಿಯಲ್ಲಿ ಅಡಿಕೆ ಗೋಣಿ ತೂಗಿದ ಹಾಗೆ. ಪಾಕಿಸ್ತಾನದ ಸರಕಾರಿ ವಿಮಾನ ತನ್ನವರ ಶವಗಳನ್ನು ದುಡ್ಡಿಲ್ಲದೆ ಒಯ್ಯುತ್ತದೆ ಎಂದು ಗಲ್ಫಿನ ನಮ್ಮ ಸಂಘಗಳು ವರ್ಷಗಟ್ಟಲೆ ಹೇಳಿದವು, ಮನವಿ ಕೊಟ್ಟವು. 2019ರ ಜನವರಿಯಲ್ಲಿ ತೂಗುವುದು ನಿಂತಿತು. ಯುಎಇಯಿಂದ ಭಾರತದ ಯಾವ ಊರಿಗಾದರೂ 1,500 ದಿರ್ಹಂ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 750.