ಪುಣ್ಯದ ಮರಳು

ಹೊಳೆಯ ಮರಳನ್ನು ಬಿಟ್ಟು ಎಂ-ಸ್ಯಾಂಡ್ ಬಳಸಿದವನು ಪರಿಸರಕ್ಕೆ ಉಪಕಾರ ಮಾಡಿದನೆಂಬ ಮಾತು ಈಗ ಬೇರೂರಿದೆ. ನಿವೃತ್ತಿಯ ಹೊತ್ತಿಗೆ ಊರಿನಲ್ಲೊಂದು ಮನೆಯಾಗಲೆಂದು ಭವಿಷ್ಯನಿಧಿಯ ಲೆಕ್ಕ ಹಾಕುತ್ತಿರುವ ದೆಹಲಿಯ ಕನ್ನಡಿಗರಾದ ನಮಗೂ ಈ ಮಾತು ಹಿತವೇ. ಹಿತವಾದ ಮಾತನ್ನು ತುಸು ಕೆದಕಿ ನೋಡುವುದು ಒಳ್ಳೆಯದು.

ಅದರಲ್ಲಿ ಹುರುಳಿಲ್ಲವೆಂದಲ್ಲ. ಮಿತಿಮೀರಿ ಮರಳು ಬಗೆದರೆ ಹೊಳೆಯ ಪಾತ್ರ ತಗ್ಗುತ್ತದೆ, ದಂಡೆಯ ಬಾವಿಗಳು ಒಣಗುತ್ತವೆ, ಸೇತುವೆಯ ಬುಡ ಬಯಲಾಗುತ್ತದೆ. ಐದು ಹೆಕ್ಟೇರಿಗಿಂತ ಕಿರಿದಾದ ಗಣಿಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಹೇಳಿದ್ದು ಇದಕ್ಕಾಗಿಯೇ.

ಇನ್ನು ಗುಡ್ಡದ ಕಡೆಗೆ ತಿರುಗೋಣ. ಬಂಡೆಯನ್ನು ಸಿಡಿಸಿ, ದವಡೆಯಂಥ ಯಂತ್ರದಲ್ಲಿ ಅಗಿದು ಜಲ್ಲಿ ಮಾಡಿ, ಕಲ್ಲಿಗೆ ಕಲ್ಲನ್ನೇ ಬಡಿಸಿ, 4.75 ಮಿಲಿಮೀಟರಿನ ಜರಡಿಯಲ್ಲಿ ಇಳಿಯುವಷ್ಟು ಪುಡಿಮಾಡುತ್ತಾರೆ. ಹೊಳೆ ಸಾವಿರಾರು ವರ್ಷ ತೆಗೆದುಕೊಳ್ಳುವ ಕೆಲಸ ನಿಮಿಷಗಳಲ್ಲಿ ಮುಗಿಯಿತು. ಆದರೆ ಹೊಳೆಯ ಧೂಳು ನೀರಿನಲ್ಲೇ ತೊಳೆದುಹೋಗುತ್ತದೆ. ಕ್ರಷರಿನ ಧೂಳು ಗಾಳಿಗೆ ಏಳುತ್ತದೆ. ಬಿ.ಎಸ್ಸಿ. ತರಗತಿಯಲ್ಲಿ ಸಿಲಿಕವು ಬಲು ಸಾಧು ವಸ್ತುವೆಂದು ಓದಿದ್ದೆವು. ಗಾಜಿನ ಲೋಟದಲ್ಲಿ ಅದು ಸಾಧುವೇ. ಕಣ್ಣಿಗೆ ಕಾಣದ ಕಣವಾಗಿ ಶ್ವಾಸಕೋಶದ ಆಳಕ್ಕೆ ಇಳಿದರೆ ಮಾತ್ರ ಅಲ್ಲಿ ಗಾಯ ಮಾಡಿ ಕಲೆಗಟ್ಟಿಸುತ್ತದೆ. ಸಿಲಿಕೋಸಿಸ್ ಎಂಬ ಆ ರೋಗವನ್ನು ವಾಸಿಮಾಡುವ ಮದ್ದು ಇಂದಿಗೂ ಇಲ್ಲ.

ನಾವಿರುವ ದೆಹಲಿಯೇ ಇದನ್ನು ಕಂಡಿದೆ. ಲಾಲ್ ಕುಆಂ ಮೊದಲಾದೆಡೆಯ ಕ್ರಷರುಗಳು 1992ರ ಆಗಸ್ಟ್ 15ರಿಂದ ನಿಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ಅವಕ್ಕೆ ಹರಿಯಾಣದ ಪಾಲಿ ಗ್ರಾಮದ ಬಳಿ ಜಾಗ ತೋರಿಸಲಾಯಿತು. ರಾಜಧಾನಿ ಉಸಿರಾಡಿತು, ಸರಿ. ಯಂತ್ರ ನಿಂತ ಮೇಲೂ ಲಾಲ್ ಕುಆಂನ ಕೂಲಿಗಳ ಎದೆಯೊಳಗೆ ಧೂಳು ಉಳಿದೇ ಇತ್ತು. ಪಾಲಿಯ ಕೂಲಿಗೂ ಎರಡೇ ಶ್ವಾಸಕೋಶ ತಾನೆ?

ಕರ್ನಾಟಕದಲ್ಲಿಯೂ 2011ರ ಕಾಯಿದೆಯೊಂದು ಕ್ರಷರುಗಳಿಗೆ 'ಸುರಕ್ಷಿತ ವಲಯ' ಗೊತ್ತುಮಾಡುತ್ತದೆ. ಊರಿನಿಂದ, ಹೆದ್ದಾರಿಯಿಂದ ದೂರವಿರುವುದು ಅಗತ್ಯವೇ. ಆದರೆ ಆ ಹೆಸರು ಊರಿನವರ ಕಡೆಯಿಂದ ಇಟ್ಟದ್ದು. ವಲಯದ ಒಳಗೇ ನಿಂತು ಜರಡಿಯ ಬಳಿ ದುಡಿಯುವವನಿಗೆ ಅದು ಎಷ್ಟು ಸುರಕ್ಷಿತ?

ಕೂಲಿ ಕೊಡುತ್ತಾರಲ್ಲ, ಅವನು ಒಪ್ಪಿಯೇ ಬಂದಿದ್ದಾನೆ ಎನ್ನುವವರುಂಟು. ಬೇರೆ ದಾರಿಯಿಲ್ಲದವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸಲು ನಮ್ಮ ಮನಸ್ಸು ಒಪ್ಪದು. ಅಸಾಧ್ಯವಾದುದನ್ನೇನೂ ಅವನು ಕೇಳುತ್ತಿಲ್ಲ. ಕಲ್ಲು ಬೀಳುವೆಡೆ ನೀರಿನ ತುಂತುರು, ಜರಡಿಗೆ ಮುಚ್ಚಿಗೆ, ಗಾಳಿಗೆ ಅಡ್ಡಗೋಡೆ, ಕಾಲಕಾಲಕ್ಕೆ ಎದೆಯ ಪರೀಕ್ಷೆ. ಇವೆಲ್ಲಕ್ಕೂ ಖರ್ಚುಂಟು, ಖರ್ಚು ಕೊನೆಗೆ ಲೋಡಿನ ದರಕ್ಕೇ ಸೇರುತ್ತದೆ. ನೀರು ಚಿಮುಕಿಸದ ಕ್ರಷರಿನ ಮರಳು ಅಗ್ಗವಾಗಿ ಸಿಕ್ಕಿತೆಂದರೆ, ಉಳಿದ ಹಣ ಮನೆ ಕಟ್ಟಿಸುವವನ ಕಿಸೆಗೆ ಬಂದದ್ದು ಆ ಕೂಲಿಯ ಉಸಿರಿನಿಂದಲೇ.